ಬಾರ್ಮೇರ್‌ನ ಬಾವಿಗಳಿಗೆ ಬೆಲೆ ಕಟ್ಟುವ ಲೆಕ್ಕ

ವೇದಾಂತ ಕಂಪನಿ ತನ್ನ ವ್ಯವಹಾರಗಳನ್ನು ಬೇರೆ ಬೇರೆ ಕಂಪನಿಗಳಾಗಿ ಒಡೆಯುವ ಯೋಜನೆಯನ್ನು 2023ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ಅಂದಿನಿಂದ ಅದರ ಸಣ್ಣ ಷೇರುದಾರರ ಮುಂದೆ ಒಂದು ಹೊಸ ಪ್ರಶ್ನೆ ಬಂದು ನಿಂತಿದೆ. ಅಲ್ಯೂಮಿನಿಯಂ, ಸತು, ನಮ್ಮ ಚಿತ್ರದುರ್ಗದ ಕಬ್ಬಿಣದ ಅದಿರು, ರಾಜಸ್ಥಾನದ ಕಚ್ಚಾತೈಲ ಎಲ್ಲವೂ ಒಂದೇ ಷೇರಿನೊಳಗೆ ಸೇರಿಕೊಂಡಿದ್ದಾಗ ತೈಲದ ಪಾಲು ಎಷ್ಟು ಬಾಳುತ್ತದೆ ಎಂದು ಪ್ರತ್ಯೇಕವಾಗಿ ಲೆಕ್ಕ ಹಾಕುವ ತೊಂದರೆಯನ್ನು ಹೆಚ್ಚಿನವರು ತೆಗೆದುಕೊಳ್ಳುತ್ತಿರಲಿಲ್ಲ. ತೈಲವೇ ಒಂದು ಕಂಪನಿಯಾದರೆ ಆ ಲೆಕ್ಕವನ್ನು ತಪ್ಪಿಸಿಕೊಳ್ಳಲಾಗದು. ಒಎನ್‌ಜಿಸಿ, ಆಯಿಲ್ ಇಂಡಿಯಾ ಷೇರು ಇಟ್ಟುಕೊಂಡವರಿಗೂ ಇದೇ ಮಾತು ಅನ್ವಯಿಸುತ್ತದೆ.

ಇದಕ್ಕೆ ಭೂವಿಜ್ಞಾನದ ಪದವಿ ಬೇಕಿಲ್ಲ. ವಾರ್ಷಿಕ ವರದಿಯಲ್ಲಿ ಯಾವ ಪುಟ ತೆಗೆಯಬೇಕು, ಯಾವ ಅಂಕಿಯನ್ನು ನಂಬಬೇಕು, ಯಾವುದನ್ನು ಬದಿಗಿಡಬೇಕು ಎಂಬುದು ಗೊತ್ತಿದ್ದರೆ ಸಾಕು. ರಾಜಸ್ಥಾನದ ಬಾರ್ಮೇರ್ ಬ್ಲಾಕನ್ನೇ ಮುಖ್ಯ ಉದಾಹರಣೆಯಾಗಿ ಹಿಡಿದು, ಅಲ್ಲಲ್ಲಿ ಆಂಧ್ರ ಕರಾವಳಿಯ ಕೃಷ್ಣಾ–ಗೋದಾವರಿ ಜಲಾನಯನದ ಕಡೆ ನೋಡುತ್ತ ಹೋಗೋಣ.

ನೆಲದಡಿ ಇರುವುದು ಬೇರೆ, ಮೇಲೆ ಬರುವುದು ಬೇರೆ

ಪತ್ರಿಕೆಗಳಲ್ಲಿ ದಪ್ಪಕ್ಷರದಲ್ಲಿ ಬರುವ ಅಂಕಿ ಬಹುತೇಕ ನೆಲದಡಿ ಇದೆಯೆಂದು ಅಂದಾಜು ಮಾಡಿದ ಒಟ್ಟು ಪ್ರಮಾಣ. ಅದನ್ನು ನೋಡಿ ಷೇರು ಕೊಂಡವರು ಕೆಟ್ಟ ಕಥೆಗಳು ಬೇಕಷ್ಟಿವೆ. 2005ರ ಜೂನ್‌ನಲ್ಲಿ ಗುಜರಾತ್ ಸರ್ಕಾರದ ಕಂಪನಿ ಜಿಎಸ್‌ಪಿಸಿ ಕೃಷ್ಣಾ–ಗೋದಾವರಿ ಜಲಾನಯನದಲ್ಲಿ 20 ಟಿಸಿಎಫ್, ಅಂದರೆ 20 ಲಕ್ಷ ಕೋಟಿ ಘನ ಅಡಿ, ಅನಿಲ ಸಿಕ್ಕಿದೆಯೆಂದು ಘೋಷಿಸಿತು. ಅಭಿವೃದ್ಧಿ ಯೋಜನೆ ಕಾಗದಕ್ಕೆ ಇಳಿಯುವ ಹೊತ್ತಿಗೆ ಅದು ಹತ್ತರಲ್ಲೊಂದು ಪಾಲಿನಷ್ಟಾಗಿತ್ತು. ಅನಿಲವಿದ್ದ ಬಂಡೆ ಬಿಗಿಯಾಗಿತ್ತು, ಒತ್ತಡ ಮತ್ತು ಉಷ್ಣಾಂಶ ಎರಡೂ ವಿಪರೀತ, ಬಾವಿ ಕೊರೆಯುವ ಖರ್ಚು ಕೈಮೀರಿತು. ಕೊನೆಗೆ 2017ರಲ್ಲಿ ಒಎನ್‌ಜಿಸಿ ಆ ಬ್ಲಾಕಿನ ಶೇ 80ರ ಪಾಲನ್ನು ಸುಮಾರು 120 ಕೋಟಿ ಡಾಲರ್‌ಗೆ ಕೊಂಡಿತು. ಆ ಹಣಕ್ಕೆ ತಕ್ಕ ಅನಿಲ ಅಲ್ಲಿಂದ ಬಂದಿಲ್ಲ.

ಆದ್ದರಿಂದ ವರದಿಯಲ್ಲಿ ಹುಡುಕಬೇಕಾದ ಪದ ‘ರಿಸರ್ವ್ಸ್’. ಇಂದಿನ ತಂತ್ರಜ್ಞಾನದಲ್ಲಿ, ಇಂದಿನ ಬೆಲೆಯಲ್ಲಿ, ಮಂಜೂರಾದ ಯೋಜನೆಯಡಿ ಲಾಭಕ್ಕೆ ತೆಗೆಯಬಹುದಾದ ಪ್ರಮಾಣಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ. ಅದರಲ್ಲೂ ಮೂರು ದರ್ಜೆ. 1ಪಿ ಎಂದರೆ ಕನಿಷ್ಠ ಇಷ್ಟಂತೂ ಬಂದೇ ಬರುತ್ತದೆ ಎನ್ನಲು ಶೇ 90ರ ಭರವಸೆ ಇರುವ ಪ್ರಮಾಣ. 2ಪಿಗೆ ಶೇ 50, 3ಪಿಗೆ ಶೇ 10. ‘ಸಂಪನ್ಮೂಲ’ ಅಥವಾ ‘ರಿಸೋರ್ಸಸ್’ ಎಂದು ಬರೆದಿದ್ದರೆ ಅದು ಈ ಮೂರರಲ್ಲಿ ಯಾವುದೂ ಅಲ್ಲ, ಇನ್ನೂ ಯೋಜನೆಯೇ ಆಗದ ಅಂದಾಜು. ನಾನು 1ಪಿಗೆ ಪೂರ್ತಿ ಬೆಲೆ ಕೊಡುತ್ತೇನೆ, 2ಪಿಯಲ್ಲಿ ಹೆಚ್ಚಿಗೆ ಬರುವ ಭಾಗಕ್ಕೆ ಅರ್ಧ ಬೆಲೆ, 3ಪಿ ಮತ್ತು ಸಂಪನ್ಮೂಲಕ್ಕೆ ಸೊನ್ನೆ. ಇದನ್ನು ಅತಿ ಜಾಗ್ರತೆ ಎನ್ನುವವರಿದ್ದಾರೆ. ಆದರೆ 2004ರ ಜನವರಿ 9ರಂದು ಶೆಲ್‌ನಂಥ ಕಂಪನಿಯೇ ತನ್ನ ಖಚಿತ ನಿಕ್ಷೇಪದಲ್ಲಿ ಶೇ 20ರಷ್ಟನ್ನು, ಸುಮಾರು 390 ಕೋಟಿ ಬ್ಯಾರೆಲ್, ‘ಇದು ಖಚಿತವಲ್ಲ’ ಎಂದು ಕೆಳದರ್ಜೆಗೆ ಇಳಿಸಿತು. ಅಧ್ಯಕ್ಷರಾಗಿದ್ದ ಫಿಲಿಪ್ ವಾಟ್ಸ್ ಎರಡು ತಿಂಗಳಲ್ಲಿ ಹುದ್ದೆ ಬಿಟ್ಟರು. ಖಚಿತ ಎಂದು ಅಚ್ಚಾದದ್ದಕ್ಕೇ ಈ ಗತಿಯಾದರೆ ಉಳಿದದ್ದರ ಮೇಲೆ ಭಾರ ಹಾಕುವುದು ಹೇಗೆ?

ಶೆಲ್‌ಗೂ ಬಾರ್ಮೇರ್‌ಗೂ ಒಂದು ನಂಟಿದೆ. ಈ ಬ್ಲಾಕಿನಲ್ಲಿ ಮೊದಲು ಶೆಲ್‌ನ ಪಾಲಿತ್ತು. ನಿರೀಕ್ಷೆ ಕೈಗೂಡದೆ 2002ರಲ್ಲಿ ಅದು ತನ್ನ ಪಾಲನ್ನು ಸ್ಕಾಟ್ಲೆಂಡಿನ ಕೇರ್ನ್ ಎನರ್ಜಿಗೆ ಸುಮಾರು 72 ಲಕ್ಷ ಡಾಲರ್‌ಗೆ ಬಿಟ್ಟುಕೊಟ್ಟು ಹೊರಟಿತು. 2004ರ ಜನವರಿಯಲ್ಲಿ ಕೇರ್ನ್‌ಗೆ ಮಂಗಲಾ ನಿಕ್ಷೇಪ ಸಿಕ್ಕಿತು. ಒಳಗಿರುವ ತೈಲ ನೂರು ಕೋಟಿ ಬ್ಯಾರೆಲ್‌ಗಿಂತ ಹೆಚ್ಚು. ಭಾರತದ ನೆಲಭಾಗದಲ್ಲಿ ಅಷ್ಟು ದೊಡ್ಡ ನಿಕ್ಷೇಪ ಸಿಕ್ಕಿ ದಶಕಗಳೇ ಆಗಿದ್ದವು. ಭಾಗ್ಯಂ, ಐಶ್ವರ್ಯಾ ಆ ಸುತ್ತಲೇ ಸಿಕ್ಕವು. 2009ರ ಆಗಸ್ಟ್‌ನಲ್ಲಿ ತೈಲ ಹರಿಯಿತು. ಕೇರ್ನ್ ಇಂಡಿಯಾ 2011ರ ಕೊನೆಯಲ್ಲಿ ವೇದಾಂತ ಸಮೂಹದ ಕೈಸೇರಿತು, 2017ರಲ್ಲಿ ವೇದಾಂತದಲ್ಲೇ ವಿಲೀನವಾಯಿತು.

ಇಳಿಮುಖದ ವೇಗ

ಬೋರ್‌ವೆಲ್ ಕೊರೆಸಿದ ರೈತರಿಗೆ ಈ ಭಾಗವನ್ನು ಬಿಡಿಸಿ ಹೇಳಬೇಕಿಲ್ಲ. ಮೊದಲ ವರ್ಷ ಮೂರಿಂಚು ನೀರು ಕೊಟ್ಟ ಬಾವಿ ನಾಲ್ಕನೇ ವರ್ಷ ಒಂದಿಂಚಿಗೆ ಇಳಿಯುವಂತೆ ತೈಲಬಾವಿಯೂ ಇಳಿಯುತ್ತದೆ. ಒಳಗಿನ ಒತ್ತಡ ತಗ್ಗುತ್ತದೆ, ತೈಲದ ಜೊತೆ ನೀರಿನ ಪಾಲು ಏರುತ್ತದೆ. ಕಂಪನಿ ಹೊಸ ಬಾವಿ ಕೊರೆಯುತ್ತಲೇ ಇದ್ದರೆ ಒಟ್ಟು ಉತ್ಪಾದನೆ ಸಮವಾಗಿರುವಂತೆ ತೋರುತ್ತದೆ. ಆದರೆ ಆ ಸಮತೆಗೆ ಪ್ರತಿ ವರ್ಷ ದುಡ್ಡು ಸುರಿಯಬೇಕು. ಹಾಗಾಗಿ ಈ ವರ್ಷದ ಉತ್ಪಾದನೆಯೊಂದನ್ನೇ ನೋಡಿ ಪ್ರಯೋಜನವಿಲ್ಲ. ಕನಿಷ್ಠ ಐದು ವರ್ಷದ ಅಂಕಿಗಳನ್ನು ಒಂದರ ಕೆಳಗೊಂದು ಬರೆದುಕೊಂಡು, ಪಕ್ಕದಲ್ಲಿ ಆಯಾ ವರ್ಷ ಬಾವಿಗಳ ಮೇಲೆ ಮಾಡಿದ ಬಂಡವಾಳ ವೆಚ್ಚ ಬರೆಯಿರಿ. ವೆಚ್ಚ ಏರುತ್ತಾ ಉತ್ಪಾದನೆ ಇಳಿಯುತ್ತಿದ್ದರೆ ನಿಕ್ಷೇಪಕ್ಕೆ ವಯಸ್ಸಾಗಿದೆ.

ಬಾರ್ಮೇರ್‌ನ ಪಟ್ಟಿ ಹೀಗೇ ಇದೆ. 2013–14ರ ಸುಮಾರಿಗೆ ಬ್ಲಾಕ್ ದಿನಕ್ಕೆ ಎರಡು ಲಕ್ಷ ಬ್ಯಾರೆಲ್ ಮುಟ್ಟಿತ್ತು. ಮಂಗಲಾದಲ್ಲಿ ನೀರಿಗೆ ಪಾಲಿಮರ್ ಬೆರೆಸಿ ಒಳಕ್ಕೆ ತಳ್ಳಿ, ಬಂಡೆಗೆ ಅಂಟಿಕೊಂಡ ತೈಲವನ್ನು ದೂಡುವ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಈ ತಂತ್ರ ಅಲ್ಲಿ ನಿಜಕ್ಕೂ ಫಲ ಕೊಟ್ಟಿದೆ. ಮುಂದಿನ ಹೆಜ್ಜೆಯಾಗಿ ಕ್ಷಾರ ಮತ್ತು ಸಾಬೂನಿನಂಥ ರಾಸಾಯನಿಕಗಳನ್ನೂ ಸೇರಿಸುವ ಯೋಜನೆ ಬಂದಿದೆ. ಇಷ್ಟಾದರೂ 2024–25ರ ಹೊತ್ತಿಗೆ ಉತ್ಪಾದನೆ ದಿನಕ್ಕೆ ಒಂದು ಲಕ್ಷ ಬ್ಯಾರೆಲ್‌ಗಿಂತ ಕೆಳಗೆ ಇಳಿದಿದೆ. ತಂತ್ರಜ್ಞಾನ ಇಳಿಮುಖವನ್ನು ನಿಧಾನ ಮಾಡಿತು, ತಡೆಯಲಿಲ್ಲ.

ಕೃಷ್ಣಾ–ಗೋದಾವರಿ ಜಲಾನಯನದ ಕೆಜಿ–ಡಿ6 ಬ್ಲಾಕ್ ಇನ್ನೂ ಕಠೋರ ಪಾಠ. 2009ರ ಏಪ್ರಿಲ್‌ನಲ್ಲಿ ರಿಲಯನ್ಸ್ ಅಲ್ಲಿಂದ ಅನಿಲ ತೆಗೆಯತೊಡಗಿದಾಗ ಯೋಜನೆಯ ಗುರಿ ದಿನಕ್ಕೆ 8 ಕೋಟಿ ಘನಮೀಟರ್. 2010ರಲ್ಲಿ ಅದು 7 ಕೋಟಿಯ ಹತ್ತಿರ ಹೋಗಿ, ಅಲ್ಲಿಂದ ಕುಸಿಯಿತು. ಬಾವಿಗಳಿಗೆ ನೀರು, ಮರಳು ನುಗ್ಗಿತು. ಮುಖ್ಯ ನಿಕ್ಷೇಪಗಳಾದ ಡಿ1, ಡಿ3ರಲ್ಲಿ ತೆಗೆಯಬಹುದಾದ ಅನಿಲ ಸುಮಾರು 10 ಟಿಸಿಎಫ್ ಎಂದಿದ್ದ ಅಂದಾಜು 2012ರ ವೇಳೆಗೆ 3ರ ಆಸುಪಾಸಿಗೆ ಬಂತು. 2020ರ ಫೆಬ್ರುವರಿಯಲ್ಲಿ ಅವೆರಡೂ ನಿಂತೇಹೋದವು. ಗಮನಿಸಿ, ಬ್ರಿಟನ್ನಿನ ಬಿಪಿ ಕಂಪನಿ ರಿಲಯನ್ಸ್‌ನ ಬ್ಲಾಕುಗಳಲ್ಲಿ ಶೇ 30ರ ಪಾಲಿಗೆ 720 ಕೋಟಿ ಡಾಲರ್ ಒಪ್ಪಿದ್ದು 2011ರಲ್ಲಿ, ಇಳಿಮುಖ ಆಗಲೇ ಶುರುವಾಗಿದ್ದಾಗ. ಆಮೇಲೆ ಅದೇ ಬ್ಲಾಕಿನ ಆಳನೀರಿನಲ್ಲಿ ಆರ್ ಕ್ಲಸ್ಟರ್ 2020ರ ಡಿಸೆಂಬರ್‌ನಲ್ಲಿ, ಸ್ಯಾಟಲೈಟ್ ಕ್ಲಸ್ಟರ್ 2021ರಲ್ಲಿ, ಎಂಜೆ 2023ರಲ್ಲಿ ಅನಿಲ ಕೊಟ್ಟು ಬ್ಲಾಕಿಗೆ ಮರುಜೀವ ಬಂತು. ಹಾಗಾಗಿ ‘ಕೆಜಿ–ಡಿ6’ ಎಂಬ ಒಂದೇ ಹೆಸರಿನಡಿ ಸತ್ತ ನಿಕ್ಷೇಪವೂ ಇದೆ, ಬದುಕಿರುವುದೂ ಇದೆ. ಬೆಲೆ ಕಟ್ಟುವಾಗ ಬ್ಲಾಕನ್ನಲ್ಲ, ಅದರೊಳಗಿನ ಒಂದೊಂದು ನಿಕ್ಷೇಪವನ್ನೂ ಬೇರೆ ಬೇರೆ ನೋಡಬೇಕು.

ಬಂದದ್ದರಲ್ಲಿ ಕಂಪನಿಗೆಷ್ಟು?

ಸುದ್ದಿ ಪ್ರಕಟಣೆಗಳಲ್ಲಿ ಕಂಪನಿಗಳು ಹೆಚ್ಚಾಗಿ ಹೇಳುವುದು ಒಟ್ಟು ಉತ್ಪಾದನೆ. ಬಾರ್ಮೇರ್‌ನಲ್ಲಿ ವೇದಾಂತದ ಪಾಲು ಶೇ 70, ಒಎನ್‌ಜಿಸಿಯದು ಶೇ 30. ದಿನಕ್ಕೆ 80,000 ಬ್ಯಾರೆಲ್ ಎಂದು ಓದಿದರೆ ವೇದಾಂತದ ಲೆಕ್ಕಕ್ಕೆ 56,000 ಮಾತ್ರ. ಅದೂ ಪೂರ್ತಿ ಅದರದ್ದಲ್ಲ. ಉತ್ಪಾದನಾ ಹಂಚಿಕೆ ಒಪ್ಪಂದದ ಪ್ರಕಾರ ಮೊದಲು ಖರ್ಚನ್ನು ವಸೂಲು ಮಾಡಿಕೊಳ್ಳಬೇಕು, ಉಳಿದ ಲಾಭತೈಲವನ್ನು ಸರ್ಕಾರದೊಂದಿಗೆ ಹಂಚಿಕೊಳ್ಳಬೇಕು. ಕಂಪನಿಯ ಗಳಿಕೆ ಹೆಚ್ಚಿದಂತೆ ಸರ್ಕಾರದ ಪಾಲೂ ಹೆಚ್ಚುತ್ತದೆ. ಇದರ ಜೊತೆಗೆ ರಾಜ್ಯಕ್ಕೆ ರಾಜಧನ, ಕೇಂದ್ರಕ್ಕೆ ಕಚ್ಚಾತೈಲದ ಬೆಲೆಯ ಶೇ 20ರ ಸೆಸ್.

ಪಾಲಿನ ಶೇಕಡಾವಾರು ಎಷ್ಟು ಮೋಸ ಮಾಡಬಲ್ಲದು ಎನ್ನುವುದಕ್ಕೆ ಈ ಬ್ಲಾಕೇ ಸಾಕ್ಷಿ. ಮೂಲ ಒಪ್ಪಂದದಲ್ಲಿ ಶೇ 30ರ ಪಾಲುದಾರ ಒಎನ್‌ಜಿಸಿಯೇ ಇಡೀ ಬ್ಲಾಕಿನ ರಾಜಧನವನ್ನು ಪೂರ್ತಿಯಾಗಿ ಕಟ್ಟಬೇಕಿತ್ತು. ತೈಲ ಹೆಚ್ಚು ಬಂದಷ್ಟೂ ಅದರ ಹೊರೆ ಹೆಚ್ಚು. 2011ರಲ್ಲಿ ವೇದಾಂತ ಕೇರ್ನ್ ಇಂಡಿಯಾವನ್ನು ಕೊಳ್ಳಲು ಮುಂದಾದಾಗ ರಾಜಧನವನ್ನೂ ಯೋಜನೆಯ ಖರ್ಚಿನಲ್ಲಿ ಸೇರಿಸಬೇಕು ಎಂದು ಸರ್ಕಾರ ಷರತ್ತು ಹಾಕಿತು. ಬಾವಿಗಳಲ್ಲಿ ಒಂದು ಹನಿಯೂ ಬದಲಾಗದೆ ಒಂದು ಕಂಪನಿಯ ಆಸ್ತಿಯ ಬೆಲೆ ಏರಿತು, ಇನ್ನೊಂದರದ್ದು ಇಳಿಯಿತು.

ತೆರಿಗೆಯೂ ನಡುದಾರಿಯಲ್ಲಿ ಬದಲಾಗುತ್ತದೆ. ಉಕ್ರೇನ್ ಯುದ್ಧದಿಂದ ಬೆಲೆ ನೂರು ಡಾಲರ್ ದಾಟಿದ್ದಾಗ, 2022ರ ಜುಲೈ 1ರಂದು ಕೇಂದ್ರ ಸರ್ಕಾರ ದೇಶೀಯ ಕಚ್ಚಾತೈಲದ ಮೇಲೆ ಟನ್‌ಗೆ 23,250 ರೂಪಾಯಿ ವಿಶೇಷ ಸುಂಕ ಹಾಕಿತು. ಬ್ಯಾರೆಲ್ ಲೆಕ್ಕದಲ್ಲಿ ಅದು ಸುಮಾರು 40 ಡಾಲರ್. ಏರಿದ ಬೆಲೆಯ ಲಾಭ ಷೇರುದಾರರ ತನಕ ಬರಲಿಲ್ಲ. 2024ರ ಡಿಸೆಂಬರ್‌ನಲ್ಲಿ ಆ ಸುಂಕ ಹೋಯಿತು. ತೈಲ ಬೆಲೆ ಏರಿದರೆ ಕಂಪನಿಗೆ ಸುಗ್ಗಿ ಎಂದು ಕಣ್ಣುಮುಚ್ಚಿ ನಂಬುವವರು ಆ ಎರಡೂವರೆ ವರ್ಷಗಳ ಲೆಕ್ಕಪತ್ರವನ್ನು ಒಮ್ಮೆ ತೆಗೆದು ನೋಡಬೇಕು.

ಮೇಣದಂಥ ತೈಲ, ಬಿಸಿ ಕೊಳವೆ

ಮಂಗಲಾ ತೈಲದಲ್ಲಿ ಮೇಣದಂಶ ವಿಪರೀತ. ಬಿಸಿ ಆರಿದರೆ ಹೆಪ್ಪುಗಟ್ಟುತ್ತದೆ. ಅದಕ್ಕೇ ಬಾರ್ಮೇರ್‌ನ ಸಂಸ್ಕರಣಾ ಘಟಕದಿಂದ ಗುಜರಾತಿನ ಸಲಾಯಾ ಮೂಲಕ ಭೋಗತ್ ಕರಾವಳಿಯವರೆಗೆ ಸುಮಾರು 670 ಕಿಲೋಮೀಟರ್ ಉದ್ದಕ್ಕೂ ತೈಲವನ್ನು ಸುಮಾರು 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುವ ಬಿಸಿ ಕೊಳವೆ ಮಾರ್ಗ ಹಾಕಿದ್ದಾರೆ. ಉದ್ದಕ್ಕೂ ಕಾಯಿಸುತ್ತಲೇ ಇರುವ ಇಷ್ಟು ಉದ್ದದ ಕೊಳವೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಎಂಜಿನಿಯರುಗಳ ಸಾಧನೆ ದೊಡ್ಡದು. ಆದರೆ ಕಾಯಿಸುವ ಖರ್ಚು ಪ್ರತಿ ಬ್ಯಾರೆಲ್‌ನ ಮೇಲೂ ಬೀಳುತ್ತದೆ, ಉತ್ಪಾದನೆ ಅರ್ಧವಾದರೆ ಕೊಳವೆ ನಡೆಸುವ ಖರ್ಚು ಅರ್ಧವಾಗುವುದಿಲ್ಲ. ಶುರುವಿನ ವರ್ಷಗಳಲ್ಲಿ ಈ ತೈಲ ಅಂತರರಾಷ್ಟ್ರೀಯ ಮಾದರಿ ಬೆಲೆಗಿಂತ ಶೇ 10ರಿಂದ 15ರಷ್ಟು ಕಡಿಮೆಗೆ ಮಾರಾಟವಾಗುತ್ತಿತ್ತು. ಟಿವಿಯಲ್ಲಿ ಕಾಣುವ ಬ್ರೆಂಟ್ ದರವನ್ನು ನೇರವಾಗಿ ಲೆಕ್ಕಕ್ಕೆ ಹಾಕಬಾರದು, ಕಂಪನಿ ವರದಿಯಲ್ಲಿರುವ ‘ಸರಾಸರಿ ಮಾರಾಟ ಬೆಲೆ’ಯನ್ನೇ ಹಾಕಬೇಕು.

ಅನಿಲದ ವಿಷಯದಲ್ಲಿ ಇನ್ನೊಂದು ಎಚ್ಚರ. ಕಂಪನಿಗಳು ಆರು ಸಾವಿರ ಘನ ಅಡಿ ಅನಿಲವನ್ನು ಒಂದು ಬ್ಯಾರೆಲ್ ತೈಲಕ್ಕೆ ಸಮ ಎಂದು ಎಣಿಸಿ ಎರಡನ್ನೂ ಕೂಡಿಸಿ ತೋರಿಸುತ್ತವೆ. ಶಾಖದ ಲೆಕ್ಕದಲ್ಲಿ ಅದು ಸರಿ, ಹಣದ ಲೆಕ್ಕದಲ್ಲಿ ಅಲ್ಲ. ಒಎನ್‌ಜಿಸಿ, ಆಯಿಲ್ ಇಂಡಿಯಾಗಳ ಹಳೆಯ ನಿಕ್ಷೇಪಗಳ ಅನಿಲಕ್ಕೆ 2023ರ ಏಪ್ರಿಲ್‌ನಿಂದ ಕಚ್ಚಾತೈಲದ ದರದ ಶೇ 10ರಷ್ಟು ಬೆಲೆ. ಅದಕ್ಕೆ ಎರಡು ವರ್ಷ ಯೂನಿಟ್‌ಗೆ 6.50 ಡಾಲರ್ ಮಿತಿ ಇತ್ತು, ಆಮೇಲೆ ವರ್ಷಕ್ಕೆ 25 ಸೆಂಟ್ ಏರಿಕೆ. ಆ ಮಿತಿಯಲ್ಲಿ ‘ಒಂದು ಬ್ಯಾರೆಲ್ ಸಮಾನ’ ಅನಿಲಕ್ಕೆ ಸಿಗುವುದು 40 ಡಾಲರ್‌ನೊಳಗೆ. ಆಳಸಮುದ್ರದ ಅನಿಲಕ್ಕೆ ಬೇರೆ, ಹೆಚ್ಚಿನ ಮಿತಿಯಿದೆ. ಅದಕ್ಕೇ ತೈಲ ಎಷ್ಟು, ಅನಿಲ ಎಷ್ಟು, ಅನಿಲ ಯಾವ ಬೆಲೆ ಪದ್ಧತಿಯಡಿ ಬರುತ್ತದೆ ಎಂದು ಬಿಡಿಸಿ ಬರೆದುಕೊಳ್ಳಬೇಕು.

ಕಾಗದ, ಪೆನ್ನು ಹಿಡಿದು

ಇಲ್ಲಿ ಕೊಡುವ ಅಂಕಿಗಳು ಕಲಿಕೆಗಾಗಿ ಊಹಿಸಿಕೊಂಡವು, ಬಾರ್ಮೇರ್‌ನವಲ್ಲ. ಒಂದು ಬ್ಲಾಕ್ ದಿನಕ್ಕೆ 30,000 ಬ್ಯಾರೆಲ್ ಕೊಡುತ್ತಿದೆ, ವರ್ಷಕ್ಕೆ ಶೇ 12 ಇಳಿಯುತ್ತದೆ, ಒಪ್ಪಂದ ಇನ್ನು ಐದು ವರ್ಷ ಇದೆ ಎಂದುಕೊಳ್ಳಿ. ದಿನದ ಉತ್ಪಾದನೆ ಎರಡನೇ ವರ್ಷ 26,400, ಮೂರನೇ ವರ್ಷ ಸುಮಾರು 23,200, ನಾಲ್ಕನೇ ವರ್ಷ 20,400, ಐದನೇ ವರ್ಷ 18,000. ಐದೂ ವರ್ಷ ಸೇರಿ ಸುಮಾರು 4.3 ಕೋಟಿ ಬ್ಯಾರೆಲ್. ಇಳಿಮುಖವನ್ನು ಮರೆತು ಲೆಕ್ಕ ಹಾಕಿದವರು 5.5 ಕೋಟಿ ಎಂದುಕೊಂಡಿರುತ್ತಾರೆ.

ಬ್ಯಾರೆಲ್‌ಗೆ 70 ಡಾಲರ್ ಬೆಲೆ ಸಿಗಲಿ. ರಾಜಧನ, ಸೆಸ್, ಸರ್ಕಾರದ ಪಾಲು ಸೇರಿ 40 ಹೋಯಿತು. ನಡೆಸುವ ಖರ್ಚು 14. ಹೊಸ ಬಾವಿ, ದುರಸ್ತಿಗೆ 6. ಉಳಿದದ್ದು 10 ಡಾಲರ್. ಐದು ವರ್ಷಕ್ಕೆ 43 ಕೋಟಿ ಡಾಲರ್. ಮುಂದೆ ಬರುವ ಹಣಕ್ಕೆ ಇಂದಿನ ಬೆಲೆ ಕಡಿಮೆಯಾದ್ದರಿಂದ ವರ್ಷಕ್ಕೆ ಶೇ 10ರಂತೆ ಕಳೆದರೆ ಸುಮಾರು 33.5 ಕೋಟಿ. ಕಂಪನಿಯ ಪಾಲು ಶೇ 70 ಆದರೆ 23.4 ಕೋಟಿ ಡಾಲರ್.

ಈಗ ಬೆಲೆಯನ್ನು 60ಕ್ಕೆ ಇಳಿಸಿ. ಸರ್ಕಾರಕ್ಕೆ ಹೋಗುವುದು ಅದೇ ಅನುಪಾತದಲ್ಲಿ 34.3ಕ್ಕೆ ಇಳಿಯುತ್ತದೆ, ಖರ್ಚು ಇಳಿಯುವುದಿಲ್ಲ. ಉಳಿಯುವುದು 5.7 ಡಾಲರ್. ಬೆಲೆ ಇಳಿದದ್ದು ಶೇ 14, ಆಸ್ತಿಯ ಮೌಲ್ಯ ಇಳಿದದ್ದು ಶೇ 43. ಕಂಪನಿಯ ಪಾಲು 13.4 ಕೋಟಿಗೆ ಬಂತು. ಹಳೆಯ, ಖರ್ಚಿನ ನಿಕ್ಷೇಪಗಳಲ್ಲಿ ಈ ಏಟು ಇನ್ನೂ ಜೋರು. ಹೀಗೆ 50, 60, 70, 80 ಡಾಲರ್‌ಗೆ ನಾಲ್ಕು ಸಾಲು ಬರೆದರೆ ಆ ಕಂಪನಿಯ ಆಸ್ತಿ ಎಷ್ಟು ಕೆಟ್ಟ ಕಾಲವನ್ನು ತಡೆಯಬಲ್ಲದು ಎಂಬುದು ಸ್ಪಷ್ಟವಾಗುತ್ತದೆ. ನಾನು 60ರ ಸಾಲನ್ನು ಆಧಾರವಾಗಿ ಹಿಡಿಯುತ್ತೇನೆ.

ಅಮೆರಿಕದಲ್ಲಿ ನೆಲೆಸಿ ಅಲ್ಲಿನ ತೈಲ ಕಂಪನಿಗಳ ಷೇರು ಕೊಳ್ಳುವ ಕನ್ನಡಿಗರಿಗೆ ಈ ಕೆಲಸ ಅರ್ಧ ಹಗುರ. ಅಲ್ಲಿನ ನಿಯಮದಂತೆ ಕಂಪನಿಯೇ ವರ್ಷದ ಹನ್ನೆರಡು ತಿಂಗಳ ಮೊದಲ ದಿನದ ದರಗಳ ಸರಾಸರಿ ಹಿಡಿದು, ಶೇ 10ರಂತೆ ಕಳೆದು, ಖಚಿತ ನಿಕ್ಷೇಪದ ಇಂದಿನ ಮೌಲ್ಯವನ್ನು ವಾರ್ಷಿಕ ವರದಿಯಲ್ಲಿ ಕೊಡಬೇಕು. ಇನ್ನೂ ಬಾವಿ ಕೊರೆಯದ ಜಾಗವನ್ನು ಖಚಿತ ನಿಕ್ಷೇಪದಲ್ಲಿ ಸೇರಿಸಿದರೆ ಸಾಮಾನ್ಯವಾಗಿ ಐದು ವರ್ಷದೊಳಗೆ ಕೊರೆಯಲೇಬೇಕು.

ಪುಸ್ತಕದ ಕೊನೆಯ ಪುಟಗಳು

ವಾರ್ಷಿಕ ವರದಿಯ ಟಿಪ್ಪಣಿಗಳಲ್ಲಿ ಎರಡು ವಿಷಯ ಅಡಗಿರುತ್ತವೆ. ಒಂದು, ಬಾವಿ ಮುಚ್ಚಿ ಜಾಗವನ್ನು ಮೊದಲಿನಂತೆ ಮಾಡುವ ಖರ್ಚಿಗೆ ತೆಗೆದಿಟ್ಟ ಮೊತ್ತ. ಸಮುದ್ರದ ವೇದಿಕೆಗಳಲ್ಲಿ ಇದು ಬಹಳ ದೊಡ್ಡದು. 1976ರಿಂದ ತೈಲ ಕೊಡುತ್ತಿರುವ ಮುಂಬೈ ಹೈನಂಥ ಕಡೆ ಇದನ್ನು ನೋಡದೆ ಬೆಲೆ ಕಟ್ಟಿದರೆ ಲೆಕ್ಕ ತಪ್ಪುತ್ತದೆ. ಇನ್ನೊಂದು, ಮೊಕದ್ದಮೆಗಳು. ಒಎನ್‌ಜಿಸಿ ಬ್ಲಾಕಿನಿಂದ ಪಕ್ಕದ ಕೆಜಿ–ಡಿ6ಕ್ಕೆ ಹರಿದುಹೋದ ಅನಿಲದ ವಿವಾದದಲ್ಲಿ 2018ರ ಮಧ್ಯಸ್ಥಿಕೆ ತೀರ್ಪು ರಿಲಯನ್ಸ್ ಪರ ಬಂದಿತ್ತು. 2025ರ ಫೆಬ್ರುವರಿಯಲ್ಲಿ ದೆಹಲಿ ಹೈಕೋರ್ಟ್ ಅದನ್ನು ರದ್ದುಮಾಡಿತು, ಬೆನ್ನಲ್ಲೇ ಸರ್ಕಾರ 281 ಕೋಟಿ ಡಾಲರ್ ಕೇಳಿತು. ಏಳು ವರ್ಷ ಸಣ್ಣಕ್ಷರದಲ್ಲಿ ಮಲಗಿದ್ದ ಸಾಲು ಎದ್ದು ಕುಳಿತದ್ದು ಹೀಗೆ.

ಅಪಘಾತದ ಬೆಲೆಯನ್ನು ಯಾವ ಕೋಷ್ಟಕವೂ ಮುಂಚಿತವಾಗಿ ತೋರಿಸುವುದಿಲ್ಲ. 2020ರ ಮೇ 27ರಂದು ಅಸ್ಸಾಮಿನ ಬಾಘ್‌ಜಾನ್‌ನಲ್ಲಿ ಆಯಿಲ್ ಇಂಡಿಯಾದ ಅನಿಲಬಾವಿ ಸಿಡಿಯಿತು, ಜೂನ್ 9ರಂದು ಹೊತ್ತಿಕೊಂಡಿತು, ಪೂರ್ತಿ ಹತೋಟಿಗೆ ಬಂದದ್ದು ನವೆಂಬರ್‌ನಲ್ಲಿ. ಬೆಂಕಿ ನಂದಿಸಲು ಹೋದ ಇಬ್ಬರು ಸಿಬ್ಬಂದಿ ಸತ್ತರು, ಸಾವಿರಾರು ಜನ ಮನೆ ಬಿಟ್ಟರು, ಮಾಗುರಿ–ಮೋಟಾಪುಂಗ್ ಜೌಗುಭೂಮಿ ಹಾಳಾಯಿತು. ಬಾವಿಯ ಸುತ್ತ ಯಾವ ಊರು, ಯಾವ ಕಾಡು, ಯಾವ ಕೆರೆ ಇದೆ ಎಂದು ನಕಾಶೆಯಲ್ಲಿ ನೋಡುವುದೂ ಮೌಲ್ಯಮಾಪನದ ಕೆಲಸವೇ. ಕಂಪನಿಯ ಸುರಕ್ಷತಾ ದಾಖಲೆ ಕೆಟ್ಟದಿದ್ದರೆ ಉಳಿದ ಅಂಕಿ ಎಷ್ಟೇ ಚೆನ್ನಾಗಿರಲಿ, ನಾನು ಆ ಷೇರಿನ ಕಡೆ ಹೋಗುವುದಿಲ್ಲ.

ಹೊಸ ಯೋಜನೆಗಳ ದಿನಾಂಕಗಳನ್ನೂ ಪರೀಕ್ಷಿಸಿ. ಕೃಷ್ಣಾ–ಗೋದಾವರಿಯ ಆಳನೀರಿನ 98/2 ಬ್ಲಾಕಿನಿಂದ ಒಎನ್‌ಜಿಸಿಗೆ ಮೊದಲ ತೈಲ ಬಂದದ್ದು 2024ರ ಜನವರಿ 7ರಂದು, ಮೂಲ ವೇಳಾಪಟ್ಟಿಗಿಂತ ವರ್ಷಗಳಷ್ಟು ತಡವಾಗಿ. ಎರಡು ವರ್ಷ ತಡವಾದರೆ ಶೇ 10ರ ಲೆಕ್ಕದಲ್ಲಿ ಆ ಹಣದ ಇಂದಿನ ಮೌಲ್ಯ ಶೇ 17ರಷ್ಟು ಕರಗುತ್ತದೆ.

ಅಂಕಿಗಳು ಎಲ್ಲಿ ಸಿಗುತ್ತವೆ ಎಂದರೆ, ಕಂಪನಿಯ ವಾರ್ಷಿಕ ವರದಿ ಮತ್ತು ತ್ರೈಮಾಸಿಕ ಉತ್ಪಾದನಾ ಪ್ರಕಟಣೆಗಳು ಷೇರು ವಿನಿಮಯ ಕೇಂದ್ರಗಳ ಜಾಲತಾಣದಲ್ಲೇ ಇವೆ. ಹೈಡ್ರೋಕಾರ್ಬನ್ಸ್ ಮಹಾನಿರ್ದೇಶನಾಲಯ ಬ್ಲಾಕುಗಳ ಪಾಲುದಾರರು, ಒಪ್ಪಂದಗಳ ವಿವರವನ್ನು ವರ್ಷಕ್ಕೊಮ್ಮೆ ಪ್ರಕಟಿಸುತ್ತದೆ. ಪೆಟ್ರೋಲಿಯಂ ಸಚಿವಾಲಯದ ಪ್ಲಾನಿಂಗ್ ಅಂಡ್ ಅನಾಲಿಸಿಸ್ ಸೆಲ್ ತಿಂಗಳ ಉತ್ಪಾದನೆ, ಅನಿಲ ದರ ಕೊಡುತ್ತದೆ. ಎಲ್ಲವೂ ಉಚಿತ. ಒಂದು ಮಾತು: ಇದೇ ಲೆಕ್ಕವನ್ನು ಮಂಗಳೂರಿನ ಎಂಆರ್‌ಪಿಎಲ್‌ಗೆ ಹಾಕಬೇಡಿ. ಅದು ತೈಲ ಕೊಂಡು ಸಂಸ್ಕರಿಸುವ ಕಂಪನಿ. ಅದಕ್ಕೆ ನಿಕ್ಷೇಪವಿಲ್ಲ, ಬ್ಯಾರೆಲ್‌ಗೆ ಸಿಗುವ ಸಂಸ್ಕರಣಾ ಲಾಭವೇ ಅಲ್ಲಿನ ಅಳತೆ.

ಬಾರ್ಮೇರ್ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಅಂಕಿ ಬ್ಯಾರೆಲ್‌ನದ್ದಲ್ಲ, ಇಸವಿಯದ್ದು. 1995ರ ಮೇ 15ರಂದು ಆದ 25 ವರ್ಷದ ಒಪ್ಪಂದ 2020ರಲ್ಲಿ ಮುಗಿಯಿತು. ಸರ್ಕಾರ ಲಾಭತೈಲದಲ್ಲಿ ಶೇ 10ರಷ್ಟು ಹೆಚ್ಚಿನ ಪಾಲು ಕೇಳಿ ಹತ್ತು ವರ್ಷ ಮುಂದುವರಿಸಿತು. ಆ ವಿಸ್ತರಣೆಗೆ ಸಹಿ ಬಿದ್ದದ್ದು 2022ರಲ್ಲಿ, ಅಲ್ಲಿಯವರೆಗೆ ತಾತ್ಕಾಲಿಕ ಅನುಮತಿಯ ಮೇಲೆಯೇ ತೈಲ ಹರಿಯುತ್ತಿತ್ತು. ಈಗಿನ ಅವಧಿ 2030ರ ಮೇ 14ಕ್ಕೆ ಮುಗಿಯುತ್ತದೆ. ನೆಲದಡಿ ಅದರಾಚೆಗೂ ತೈಲ ಇರುತ್ತದೆ, ವಿಸ್ತರಣೆಯೂ ಸಿಗಬಹುದು. ಆದರೆ ಯಾವ ಷರತ್ತಿನ ಮೇಲೆ ಎಂಬುದು ಸಹಿಯಾದ ಕಾಗದದಲ್ಲಿ ಬರುವವರೆಗೆ, 2030ರ ನಂತರದ ಒಂದು ಬ್ಯಾರೆಲ್‌ಗೂ ಇಂದು ದುಡ್ಡು ಕೊಡಬೇಡಿ.